ಗರಸು ನೆಲದಿಂದ ಕಾಲೇಜ್ ಟೀಮಿಗೆ

ಪಿಯುಸಿ ರಿಸಲ್ಟ್ ಬಂದ ಮಾರನೇ ದಿನ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಪೇಢೆ ಹಿಡಿದುಕೊಂಡು ಮನೆಗೆ ಬಂದಳು. ಪಾಸಾದ ಖುಷಿ ಮುಖದಲ್ಲಿತ್ತು. ಆದರೂ ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಕೇಳಿದಳು: "ಟೀಚರ್, ಡಿಗ್ರಿಗೆ ಹೋದ್ಮ್ಯಾಲೂ ಹಾಕಿ ಆಡಬೌದೇನ್ರಿ?"

ಇದೇ ಪ್ರಶ್ನೆ 2011ರಲ್ಲಿ ನನ್ನ ತಲೆಯಲ್ಲೂ ಇತ್ತು. ಕೇಳೋಕೆ ಯಾರೂ ಇರಲಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆಟ ಆಡೋಕೆ ಊರು ಬಿಟ್ಟವಳೂ ನಾನೇ ಮೊದಲು. ಅವಳಿಗೆ ಅವತ್ತು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸ್ಟಿಕ್ ಹಿಡಿದು ಓಡಾಡುವ ಇನ್ನೊಂದಿಷ್ಟು ಮಕ್ಕಳಿಗೂ ಸಿಗಲಿ ಅಂತ.

ನಾನು ಸಿರುಗುಪ್ಪ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ನಮ್ಮ ಶಾಲೆಯ ಮೈದಾನ ಅರ್ಧ ಗರಸು, ಅರ್ಧ ಎರೆಮಣ್ಣು. ಬೇಸಿಗೆಯಲ್ಲಿ ಎರೆ ಬಿರುಕು ಬಿಡುತ್ತದೆ, ಚೆಂಡು ಬಿರುಕಿಗೆ ತಾಗಿ ಎತ್ತಲೋ ಹಾರುತ್ತದೆ. ಮಳೆ ಬಿದ್ದರೆ ಶೂಗೆ ಒಂದೊಂದು ಕೇಜಿ ಮಣ್ಣು ಅಂಟುತ್ತದೆ. ನಾನು ಆಟ ಕಲಿತಿದ್ದೂ ಇಂಥದೇ ನೆಲದಲ್ಲಿ.

ಪಿಯುಸಿ ಮುಗಿದಾಗ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಹಾಕಿ ಆಡುವವರಿಗೆ ಸೀಟು, ಹಾಸ್ಟೆಲ್ ಎರಡೂ ಕೊಡುತ್ತಾರೆ ಅಂತ ಗೊತ್ತಾಯ್ತು. ಅಪ್ಪ ಎರಡು ದಿನದ ಕೂಲಿ ಬಿಟ್ಟು ನನ್ನ ಜೊತೆ ಹೊರಟರು. ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ಜನರಲ್ ಬೋಗಿ, ಬಾಗಿಲ ಹತ್ತಿರ ಚೀಲ ಹಾಕಿಕೊಂಡು ಕೂತೆವು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬೆಳಿಗ್ಗೆ ಬೆಂಗಳೂರಲ್ಲಿ ಇಳಿದು ಸೀದಾ ಆಯ್ಕೆ ನಡೆಯುವ ಮೈದಾನಕ್ಕೆ ಹೋದೆವು.

ಅವತ್ತೇ ನಾನು ಮೊದಲ ಸಲ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ ನೋಡಿದ್ದು. ಹಸಿರು ಹಾಸಿದ ಹಾಗಿತ್ತು. ಅದರ ಮೇಲೆ ಪೈಪಿನಿಂದ ಜೋರಾಗಿ ನೀರು ಹೊಡೆಯುತ್ತಿದ್ದರು. ನಮ್ಮಲ್ಲಿ ಧೂಳು ಕೂರಲಿ ಅಂತ ನೀರು ಹಾಕುತ್ತೇವಲ್ವಾ, ಹಾಗೇ ಇರಬೇಕು ಅಂದುಕೊಂಡೆ. ಚೆಂಡು ಜಾರಿಕೊಂಡು ವೇಗವಾಗಿ ಹೋಗಲಿ, ಬಿದ್ದವರ ಚರ್ಮ ಸುಲಿಯದಿರಲಿ ಅಂತ ನೀರು ಹಾಕುತ್ತಾರೆ ಅನ್ನೋದು ಗೊತ್ತಿರಲಿಲ್ಲ.

ನನ್ನ ಕ್ಯಾನ್ವಾಸ್ ಶೂಗಳ ಅಟ್ಟೆ ಸವೆದು ನುಣ್ಣಗಾಗಿತ್ತು. ಓಡಿದ ಮೊದಲ ಸಲವೇ ಜಾರಿ ಕೂತೆ. ಆಮೇಲೆ ಒಬ್ಬಳು ನನಗೆ ಪಾಸ್ ಕೊಟ್ಟಳು. ನಾನು ಸ್ಟಿಕ್ ಇಡೋ ಹೊತ್ತಿಗೆ ಚೆಂಡು ಅದರ ಕೆಳಗಿಂದ ಹೋಗಿಬಿಟ್ಟಿತ್ತು. ಎರಡನೇದಕ್ಕೆ ಸ್ಟಿಕ್ ಬೇಗ ಇಟ್ಟೆ, ಆದರೆ ಗಟ್ಟಿಯಾಗಿ ಹಿಡಿದಿದ್ದೆ. ಚೆಂಡು ತಾಗಿ ಮೂರು ಮಾರು ಆಚೆ ಹೋಯ್ತು. ಮೂರನೇದು ಸ್ಟಿಕ್ ಮೇಲೆ ಏರಿ ಮೊಣಕಾಲ ಕೆಳಗೆ ಬಡಿಯಿತು. ನಮ್ಮೂರಲ್ಲಿ ಚೆಂಡನ್ನು ಸ್ಟಿಕ್‌ಗೆ ಅಂಟಿಸಿಕೊಂಡ ಹಾಗೆ ಡ್ರಿಬಲ್ ಮಾಡುತ್ತಾ ನಾಲ್ಕು ಜನರನ್ನು ದಾಟಿಕೊಂಡು ಹೋಗುತ್ತಿದ್ದವಳು ನಾನು. ಅಲ್ಲಿ ಡ್ರಿಬಲ್ ಮಾಡೋಕೆ ಚೆಂಡೇ ನನ್ನ ಹತ್ತಿರ ನಿಲ್ಲಲಿಲ್ಲ.

ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಆಯ್ಕೆಗೆ ಕೂತಿದ್ದ ಹಿರಿಯರೊಬ್ಬರು ಹೊರಗೆ ಬಂದು ಅಪ್ಪನ ಎದುರೇ ಹೇಳಿದರು: "ಕೈ ಚೆನ್ನಾಗಿದೆ ಕಣಮ್ಮ. ಸ್ಟಾಪ್ ಇಲ್ಲ. ಸ್ಟಾಪ್ ಕಲ್ತು ಬಾ."

ಆ ಮಾತು ನನಗೆ ಸಿಕ್ಕ ಅತಿ ದೊಡ್ಡ ಕೋಚಿಂಗ್. ಅದಕ್ಕೇ ನಾನು ಮಕ್ಕಳಿಗೆ ಮೊದಲು ಹೇಳುವುದು ಸ್ಟಾಪಿಂಗ್, ಅಂದರೆ ಬಂದ ಚೆಂಡನ್ನು ಸ್ಟಿಕ್‌ನಲ್ಲಿ ನಿಲ್ಲಿಸಿಕೊಳ್ಳೋದರ ಬಗ್ಗೆ. ಗೋಲು ಹೊಡೆಯೋದು, ಡ್ರಿಬಲ್ ಎಲ್ಲ ಆಮೇಲೆ.

ನಮ್ಮ ದೇಶದ ಹಾಕಿಗೇ ಈ ಪೆಟ್ಟು ಬಿದ್ದಿತ್ತು. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರುವರ್ಷ, 1976ರಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ಹಾಕಿ ಆಡಿಸಿದರು. ಭಾರತ 7ನೇ ಸ್ಥಾನಕ್ಕೆ ಇಳಿಯಿತು. ವಿಶ್ವಕಪ್ ಗೆದ್ದವರಿಗೇ ಹೊಸ ನೆಲ ಅಷ್ಟು ಕಷ್ಟ ಕೊಟ್ಟಿತು. ಟರ್ಫ್ ಮೇಲೆ ಮೊದಲ ದಿನ ತಡವರಿಸಿದರೆ ನಾಚಿಕೆ ಪಡಬೇಡಿ. ಆದರೆ ಆ ಮೊದಲ ದಿನವೇ ಆಯ್ಕೆಯ ದಿನ ಆಗದ ಹಾಗೆ ನೋಡಿಕೊಳ್ಳಿ. ಟ್ರಯಲ್ಸ್‌ಗೆ ಒಂದು ದಿನ ಮುಂಚೆಯೇ ಆ ಊರಿಗೆ ಹೋಗಿ, ಅಲ್ಲಿನ ಕೋಚ್‌ನ ಕೇಳಿ, ಅರ್ಧ ಗಂಟೆ ಟರ್ಫ್ ಮೇಲೆ ಚೆಂಡು ಉರುಳಿಸಿ ಬನ್ನಿ. ಕೇಳಿದರೆ ಬೇಡ ಅನ್ನುವವರು ಕಡಿಮೆ.

ಇನ್ನು ಸ್ಟಾಪ್ ಹೇಗೆ ಮಾಡೋದು. ಗರಸು ನೆಲದಲ್ಲಿ ಚೆಂಡು ಎದ್ದು ಮುಖಕ್ಕೆ ಬಡಿಯುತ್ತದೆ ಅನ್ನೋ ಭಯಕ್ಕೆ ನಾವು ನೆಟ್ಟಗೆ ನಿಲ್ಲುತ್ತೇವೆ. ಟರ್ಫ್‌ನಲ್ಲಿ ಚೆಂಡು ನೆಲಕ್ಕೆ ಅಂಟಿಕೊಂಡೇ ಬರುತ್ತದೆ, ಹಾಗಾಗಿ ಮಂಡಿ ಮಡಚಿ ಕೆಳಗೆ ಕೂರಬೇಕು. ಚೆಂಡು ಬರುವ ಮುಂಚೆಯೇ ಸ್ಟಿಕ್ ನೆಲ ಮುಟ್ಟಿರಬೇಕು. ಹಿಡಿಕೆ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಆಗ ಚೆಂಡು ಮೇಲೆ ಹಾರಲ್ಲ. ಬಲಗಾಲಿನ ಎದುರಿಗೆ ತೆಗೆದುಕೊಳ್ಳಿ, ಅಲ್ಲಿಂದ ಮುಂದಿನ ಪಾಸ್ ಕೊಡೋದು ಸಲೀಸು.

ಕೈಗಳ ವಿಷಯ ಹೇಳೋಕೆ ನಾನು ಅವ್ವನ ರೊಟ್ಟಿ ತಟ್ಟುವುದನ್ನು ನೆನೆಸಿಕೊಳ್ಳುತ್ತೇನೆ. ಅವ್ವ ಬಲಗೈಯಲ್ಲಿ ತಟ್ಟುತ್ತಾಳೆ. ಎಡಗೈ ಅಂಚು ಹಿಡಿದು ರೊಟ್ಟಿಯನ್ನು ಮೆಲ್ಲಗೆ ತಿರುಗಿಸುತ್ತಿರುತ್ತದೆ. ಎರಡೂ ಕೈ ಗಟ್ಟಿ ಮಾಡಿದರೆ ರೊಟ್ಟಿ ಹರಿಯುತ್ತದೆ. ಸ್ಟಿಕ್‌ನಲ್ಲೂ ಎರಡು ಕೈಗೆ ಎರಡು ಕೆಲಸ. ಮೇಲಿನ ಎಡಗೈ ತಿರುಗಿಸುತ್ತದೆ, ಅದು ಬಿಗಿಯಾಗಿರಲಿ. ಕೆಳಗಿನ ಬಲಗೈ ಸಡಿಲವಾಗಿರಲಿ, ಸ್ಟಿಕ್ ಅದರೊಳಗೆ ತಿರುಗುವಷ್ಟು. ಚೆಂಡು ಬಡಿದಾಗ ಆ ಸಡಿಲ ಕೈ ಒಂದೆರಡು ಇಂಚು ಹಿಂದೆ ಸರಿಯುತ್ತದೆ, ಚೆಂಡಿನ ವೇಗ ಅಲ್ಲೇ ಸಾಯುತ್ತದೆ. ನಮ್ಮ ಹುಡುಗಿಯರಿಗೆ ಇದನ್ನು ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ. ಹುಡುಗರಿಗೆ, ಮನೆಗೆ ಹೋಗಿ ಅವ್ವನ ಪಕ್ಕ ಕೂತು ನೋಡ್ರಪ್ಪ ಅಂತ ಹೇಳುತ್ತೇನೆ.

ಆದರೆ ವೇಗದ ನೆಲ ಎಲ್ಲಿಂದ ತರೋದು? ನಾನು ಬೆಂಗಳೂರಿಂದ ವಾಪಸ್ ಬಂದು ಇದೇ ಯೋಚನೆಯಲ್ಲಿದ್ದೆ. ನಮ್ಮ ಕಡೆ ಟರ್ಫ್ ಇರಲಿಲ್ಲ. ಆದರೆ ರೈಸ್ ಮಿಲ್ ಇದ್ದವು. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯವರಿಗೆ ಗೊತ್ತು, ಮಿಲ್ಲಿನ ಎದುರು ಭತ್ತ ಒಣಗಿಸೋಕೆ ಎಷ್ಟು ದೊಡ್ಡ ಸಿಮೆಂಟ್ ಅಂಗಳ ಇರುತ್ತದೆ ಅಂತ. ಅಪ್ಪ ಕೆಲಸ ಮಾಡುತ್ತಿದ್ದ ಮಿಲ್ಲಿನ ಸಾಹುಕಾರರನ್ನು ಕೇಳಿದೆವು. ಭತ್ತ ಹರಡದ ದಿನಗಳಲ್ಲಿ ಬೆಳಿಗ್ಗೆ ಏಳರವರೆಗೆ ಆಡಿಕೋ ಅಂದರು.

ಮೊದಲ ದಿನ ಅಂಗಳ ಗುಡಿಸಿದೆ. ಉಳಿದ ಕಾಳು ಕಾಲಿಗೆ ಸಿಕ್ಕರೆ ಜಾರುತ್ತದೆ. ಕಾಂಪೌಂಡ್ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ, ನೆಲದಿಂದ ಒಂದು ಗೇಣು ಎತ್ತರಕ್ಕೆ. ಆರು ಹೆಜ್ಜೆ ದೂರ ನಿಂತು ಆ ಗೆರೆಯ ಕೆಳಗೆ ಪುಷ್ ಮಾಡೋದು (ಸ್ಟಿಕ್ ಬೀಸದೆ ಚೆಂಡನ್ನು ತಳ್ಳೋದು), ವಾಪಸ್ ಬಂದಿದ್ದನ್ನು ಸ್ಟಾಪ್ ಮಾಡೋದು. ಸಿಮೆಂಟ್ ಮೇಲೆ ಚೆಂಡು ಟರ್ಫ್‌ಗಿಂತ ಒಂದು ಕೈ ಹೆಚ್ಚೇ ವೇಗವಾಗಿ ಬರುತ್ತದೆ. ಮೊದಲ ವಾರ ಹತ್ತರಲ್ಲಿ ಮೂರು ನಿಲ್ಲುತ್ತಿದ್ದವು. ದಿನಾ ಇನ್ನೂರು ಚೆಂಡು. ಎರಡು ತಿಂಗಳಾದ ಮೇಲೆ ಎಣಿಸೋದು ಬಿಟ್ಟೆ. ಚೆಂಡು ಸ್ಟಿಕ್ಕಿಗೆ ತಾಗಿದಾಗ ಮೊದಲು 'ಟಕ್' ಅನ್ನುತ್ತಿತ್ತು, ಆಮೇಲಾಮೇಲೆ 'ತಪ್' ಅನ್ನತೊಡಗಿತು. ಆ ಸದ್ದು ಬದಲಾದರೆ ಕೈ ಕಲಿಯಿತು ಅಂತ ಅರ್ಥ. ಇವತ್ತಿಗೂ ನಾನು ಮಕ್ಕಳ ಕಡೆ ಬೆನ್ನು ಮಾಡಿ ನಿಂತು, ಸದ್ದು ಕೇಳಿಯೇ ಯಾರ ಸ್ಟಾಪ್ ಸರಿ ಇದೆ ಅಂತ ಹೇಳುತ್ತೇನೆ.

ಸಿಮೆಂಟ್ ಮೇಲೆ ಆಡೋಕೆ ಹಳೇ ಸ್ಟಿಕ್ ಇಟ್ಟುಕೊಳ್ಳಿ, ತುದಿಗೆ ಟೇಪ್ ಸುತ್ತಿ. ಹೊಸದು ತಂದರೆ ಒಂದೇ ತಿಂಗಳಲ್ಲಿ ಸವೆಯುತ್ತದೆ.

ಆ ವರ್ಷ ಬಳ್ಳಾರಿಯಲ್ಲೇ ಡಿಗ್ರಿ ಸೇರಿದೆ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಷ್ಟೇ ಶುರುವಾಗಿತ್ತು, ಹೊಸ ಯೂನಿವರ್ಸಿಟಿ. ಮೊದಲು ಅಂತರ ಕಾಲೇಜು ಪಂದ್ಯಾವಳಿ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಯೂನಿವರ್ಸಿಟಿ ತಂಡ ಕಟ್ಟುತ್ತಾರೆ. ಆ ತಂಡ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತದೆ. ವಲಯದಲ್ಲಿ ಮೇಲೆ ಬಂದ ತಂಡಗಳು ಅಖಿಲ ಭಾರತ ಮಟ್ಟಕ್ಕೆ. ಈಗಿನವರಿಗೆ ಅದರಾಚೆ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಕೂಡ ಇದೆ. ಮೊದಲನೇದು 2020ರಲ್ಲಿ ಭುವನೇಶ್ವರದಲ್ಲಿ ಆಯಿತು. ಎರಡನೇದು 2022ರಲ್ಲಿ ನಮ್ಮ ಬೆಂಗಳೂರಲ್ಲೇ. ನಮ್ಮ ಕಾಲಕ್ಕೆ ಇದೆಲ್ಲ ಇರಲಿಲ್ಲ.

ಯೂನಿವರ್ಸಿಟಿ ಆಯ್ಕೆಗೆ ಬಂದವರನ್ನು ಯಾವ ಪೊಸಿಷನ್ ಅಂತ ಕೇಳಿದಾಗ ಮುಕ್ಕಾಲು ಜನ ಫಾರ್ವರ್ಡ್ ಅಂದರು. ಈಗಲೂ ಹಾಗೇ. ಗೋಲು ಹೊಡೆದವರ ಹೆಸರಷ್ಟೇ ಪೇಪರಲ್ಲಿ ಬರೋದು, ಅದಕ್ಕೆ ಮಕ್ಕಳೂ ಅದನ್ನೇ ಬಯಸುತ್ತಾರೆ. ಕರೆದುಕೊಂಡು ಹೋಗೋದು ಹದಿನಾರೋ ಹದಿನೆಂಟೋ ಜನರನ್ನು. ಅದರಲ್ಲಿ ಎರಡು ಜಾಗದಲ್ಲಿ ಆಡಬಲ್ಲವರಿಗೆ ಬೆಲೆ ಜಾಸ್ತಿ. ನಾನು ರೈಟ್ ಹಾಫ್ (ಮಧ್ಯ ಸಾಲಿನ ಬಲಬದಿ) ಅಂದೆ, ಬೇಕಾದರೆ ಬ್ಯಾಕ್ (ಹಿಂದೆ ನಿಂತು ಗೋಲು ಕಾಯೋ ಸಾಲು) ಆಡ್ತೀನಿ ಅಂದೆ. ಆಮೇಲೆ ಕೋಚ್ ಸರ್ ಕೇಳಿದರು, "ಪೆನಾಲ್ಟಿ ಕಾರ್ನರ್‌ಗೆ ಪುಷ್ ಕೊಡೋರು ಯಾರಿದ್ದೀರಿ?" ಯಾರೂ ಕೈ ಎತ್ತಲಿಲ್ಲ. ನಾನು ಎತ್ತಿದೆ.

ಗೋಲಿನ ಮುಂದಿನ ಅರ್ಧ ವೃತ್ತದಂಥ ಜಾಗಕ್ಕೆ ಡಿ ಅನ್ನುತ್ತಾರೆ; ಅದರೊಳಗೆ ಎದುರಾಳಿ ತಪ್ಪು ಮಾಡಿದರೆ ಸಿಗುವ ಗೋಲಿನ ಅವಕಾಶವೇ ಪೆನಾಲ್ಟಿ ಕಾರ್ನರ್. ಅದು ಅಂದ ಕೂಡಲೇ ಎಲ್ಲರ ಕಣ್ಣು ಡ್ರ್ಯಾಗ್ ಫ್ಲಿಕ್ ಮಾಡುವವರ, ಅಂದರೆ ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವವರ ಮೇಲೆ. ಆದರೆ ಗೋಲ್ ಕಂಬದಿಂದ 10 ಮೀಟರ್ ದೂರದ ಗುರುತಿನಲ್ಲಿ, ಒಂದು ಕಾಲು ಗೆರೆಯಾಚೆ ಇಟ್ಟು, ಚೆಂಡನ್ನು ಡಿ ಹೊರಗೆ ಕಳಿಸುವವರು ಒಬ್ಬರಿರುತ್ತಾರೆ. ಚೆಂಡು ಡಿ ದಾಟದೆ ಗೋಲಿಗೆ ಹೊಡೆಯುವ ಹಾಗಿಲ್ಲ. ಆ ಪುಷ್ ನೆಲ ಬಿಟ್ಟು ಏಳಬಾರದು, ವೇಗ ಕಮ್ಮಿ ಆಗಬಾರದು, ಹೇಳಿದ ಜಾಗಕ್ಕೇ ಹೋಗಬೇಕು. ಕಮ್ಮಿಯಾದರೆ ಗೋಲಿನಿಂದ ಓಡಿ ಬರುವವರೇ ಮೊದಲು ಮುಟ್ಟುತ್ತಾರೆ. ಅಲ್ಲಿ ಡಿ ಅಂಚಿನಲ್ಲಿ ಅದನ್ನು ಸ್ಟಾಪ್ ಮಾಡುವವರು ಇನ್ನೊಬ್ಬರು. ಇವೆರಡನ್ನೂ ಮಿಲ್ಲಿನ ಗೋಡೆ ನನಗೆ ಕಲಿಸಿತ್ತು. ಹತ್ತು ಪುಷ್ ಮಾಡಿ ತೋರಿಸು ಅಂದರು. ಎಂಟು ಅವರು ಇಟ್ಟ ಶೂಗೆ ಹೋಗಿ ತಾಗಿದವು. ನನಗೆ ಜಾಗ ಸಿಕ್ಕಿದ್ದು ಅದರಿಂದ ಅಂತ ನಾನು ನಂಬಿದ್ದೇನೆ. ಯಾರೂ ಕಲಿಯದ ಒಂದು ಕೆಲಸವನ್ನು ಚೆನ್ನಾಗಿ ಕಲಿತು ಹೋಗಿ ಮಕ್ಕಳೇ.

ಈಗ ತಾಲೂಕು, ಜಿಲ್ಲಾ ಮಟ್ಟದ ಆಯ್ಕೆಗೆ ನನ್ನನ್ನೂ ಕರೆಯುತ್ತಾರೆ. ಮೇಜಿನ ಈಚೆ ಕೂತಾಗ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಚೆಂಡು ಕಳೆದುಕೊಂಡ ಹುಡುಗಿ ಮುಂದಿನ ಮೂರು ಸೆಕೆಂಡ್ ಏನು ಮಾಡುತ್ತಾಳೆ ಅಂತ ನೋಡುತ್ತೇನೆ. ತಲೆ ಮೇಲೆ ಕೈ ಇಟ್ಟು ನಿಲ್ಲುತ್ತಾಳಾ, ಹಿಂದೆ ಓಡುತ್ತಾಳಾ? ಜೊತೆಯವಳಿಗೆ ಕೂಗಿ ಹೇಳುತ್ತಾಳಾ? ಪಾಸ್ ಕೊಟ್ಟ ಮೇಲೆ ಅಲ್ಲೇ ನಿಂತು ನೋಡುತ್ತಾಳಾ, ಖಾಲಿ ಜಾಗಕ್ಕೆ ಓಡುತ್ತಾಳಾ? ಒಂದು ಪಂದ್ಯ 15 ನಿಮಿಷದ ನಾಲ್ಕು ಕ್ವಾರ್ಟರ್. ಅದರಲ್ಲಿ ಒಬ್ಬರ ಸ್ಟಿಕ್‌ನಲ್ಲಿ ಚೆಂಡು ಇರೋದು ಒಂದೆರಡು ನಿಮಿಷ ಇರಬಹುದು. ಉಳಿದ ಹೊತ್ತೆಲ್ಲ ಬರೀ ಓಟ, ಬರೀ ಕಣ್ಣು.

ಗೋಲ್‌ಕೀಪರ್ ಆಗುವ ಧೈರ್ಯ ಇದ್ದರೆ ಖಂಡಿತ ಆಗಿ, ನಮ್ಮ ಕಡೆ ತುಂಬಾ ಕಮ್ಮಿ ಇದ್ದಾರೆ. ಕಿಟ್ ದುಬಾರಿ, ಶಾಲೆಯದ್ದೇ ಕೇಳಿ. ಉಳಿದವರು ಶಿನ್ ಪ್ಯಾಡ್, ಮೌತ್ ಗಾರ್ಡ್ ಇಲ್ಲದೆ ಅಭ್ಯಾಸಕ್ಕೂ ಇಳಿಯಬೇಡಿ. ಚೆಂಡು 160 ಗ್ರಾಂ ಆಸುಪಾಸು ತೂಗುತ್ತದೆ, ಕಲ್ಲಿನ ಹಾಗಿರುತ್ತದೆ.

ಹುಡುಗಿಯರಿಗೆ ಇನ್ನೊಂದು ಮಾತು. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಹೊಟ್ಟೆ ತೊಳಸುತ್ತದೆ ಅಂತ ಎಷ್ಟೋ ಜನ ಕಿಟಕಿಯಿಂದ ಎಸೆಯುತ್ತೀರಿ, ನಾನು ನೋಡಿದ್ದೇನೆ. ಊಟ ಮಾಡಿದ ಮೇಲೆ ನುಂಗಿ. ನಮ್ಮ ತಂಡದಲ್ಲಿ ಒಬ್ಬಳಿಗೆ ಎರಡನೇ ಕ್ವಾರ್ಟರ್‌ಗೇ ಕಣ್ಣು ಕತ್ತಲೆ ಬರುತ್ತಿತ್ತು. ಅಭ್ಯಾಸ ಸಾಲದು ಅಂತ ಎಲ್ಲರೂ ಬೈದೆವು. ತಾಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ತುಂಬಾ ಕೆಳಗಿತ್ತು. ಬೈದಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಅಭ್ಯಾಸ ಬೆಳಿಗ್ಗೆ ಏಳೂವರೆಯೊಳಗೆ ಮುಗಿಯಲಿ. ಉಪ್ಪು ಹಾಕಿದ ಮಜ್ಜಿಗೆ ಒಂದು ಬಾಟಲಿ ಜೊತೆಗಿರಲಿ.

ಆಟದಲ್ಲಿ ಪಾಸಾಗಿ ಕಾಗದದಲ್ಲಿ ಫೇಲಾದವರನ್ನು ನಾನು ತುಂಬಾ ನೋಡಿದ್ದೇನೆ. ನನಗೇ ಹಾಗಾಗುತ್ತಿತ್ತು. ಮಾರ್ಕ್ಸ್ ಕಾರ್ಡ್‌ನಲ್ಲಿ ನನ್ನ ಇನಿಷಿಯಲ್ ಹೆಸರಿನ ಮುಂದಿತ್ತು, ಟಿ.ಸಿ.ಯಲ್ಲಿ ಹಿಂದಿತ್ತು, ಜೊತೆಗೆ ಒಂದು ಅಕ್ಷರ ಬೇರೆ. ತಂಡ ಹೊರಡೋಕೆ ಎರಡು ದಿನ ಇದ್ದಾಗ ಎಲಿಜಿಬಿಲಿಟಿ ಫಾರ್ಮ್ ವಾಪಸ್ ಬಂತು. ಅಪ್ಪ ಒಂದೇ ದಿನದಲ್ಲಿ ಹಳೇ ಶಾಲೆಗೆ ಎರಡು ಸಲ ಓಡಾಡಿದರು, ಆಮೇಲೆ ನೋಟರಿ. ಎಸ್ಸೆಸ್ಸೆಲ್ಸಿ ಕಾರ್ಡ್, ಪಿಯುಸಿ ಕಾರ್ಡ್, ಟಿ.ಸಿ., ಆಧಾರ್, ಈ ವರ್ಷದ ಅಡ್ಮಿಷನ್ ರಸೀದಿ, ಆಡಿದ ಪಂದ್ಯಾವಳಿಗಳ ಸರ್ಟಿಫಿಕೇಟ್ ಎಲ್ಲ ಒಂದೇ ಫೈಲಲ್ಲಿ ಇಡಿ. ಎಲ್ಲದರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ಅಂತ ಈಗಲೇ ನೋಡಿ. ಇಂಜಿನಿಯರಿಂಗ್ ಕಡೆ ಹೋಗುವವರು ಸಿಇಟಿ ಅರ್ಜಿ ತುಂಬುವಾಗಲೇ ಕ್ರೀಡಾ ಕೋಟಾ ಕೇಳಿಕೊಳ್ಳಬೇಕು. ರ‍್ಯಾಂಕ್ ಬಂದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಕಾಲೇಜು ಆರಿಸುವ ಮುಂಚೆ ಅಲ್ಲಿನ ಪಿ.ಡಿ., ಅಂದರೆ ಆಟೋಟ ನೋಡಿಕೊಳ್ಳುವ ಸರ್ ಅಥವಾ ಮೇಡಂರನ್ನು ಕಂಡು ಮಾತಾಡಿ. ಕಳೆದ ವರ್ಷ ನಿಮ್ಮ ಕಾಲೇಜು ಅಂತರ ಕಾಲೇಜು ಹಾಕಿಗೆ ತಂಡ ಕಳಿಸಿತ್ತಾ ಅಂತ ನೇರವಾಗಿ ಕೇಳಿ. ಕಳಿಸಿರಲಿಲ್ಲ ಅಂದರೆ, ಯೂನಿವರ್ಸಿಟಿ ಆಯ್ಕೆಗೆ ನನ್ನೊಬ್ಬಳನ್ನೇ ಕಳಿಸುತ್ತೀರಾ ಅಂತ ಕೇಳಿ. ಗೋಡೆ ಮೇಲೆ ಕಪ್ ಹಿಡಿದವರ ಫೋಟೋ ಇವೆ ಅಂತ ನಂಬಿ ಸೇರಬೇಡಿ, ಅವು ಹದಿನೈದು ವರ್ಷ ಹಳೇವಿರಬಹುದು.

ಸೇರಿದ ಮೇಲೆ ಪಂದ್ಯಕ್ಕೆ ಹೋಗುವ ಪ್ರತಿ ಸಲ ಬರೆದ ಅರ್ಜಿ ಕೊಟ್ಟು, ಅದರ ನಕಲಿಗೆ ಸಹಿ ಹಾಕಿಸಿಕೊಳ್ಳಿ. ಎರಡನೇ ವರ್ಷ ನಾನು ಬಾಯಲ್ಲಿ ಹೇಳಿ ಹೋಗಿದ್ದೆ, ಅವರೂ ಹೋಗಿ ಬಾ ಅಂದಿದ್ದರು. ವಾಪಸ್ ಬಂದಾಗ ಎರಡು ಇಂಟರ್ನಲ್ಸ್‌ನಲ್ಲಿ ಸೊನ್ನೆ, ಅಟೆಂಡೆನ್ಸ್ 75ಕ್ಕಿಂತ ಕೆಳಗೆ. ಹೇಳಿದ್ದೆ ಅಂದರೆ ಎಲ್ಲಿ ತೋರಿಸು ಅಂದರು. ಆ ಸೆಮಿಸ್ಟರ್ ಉಳಿಸಿಕೊಳ್ಳೋಕೆ ತುಂಬಾ ಅತ್ತಿದ್ದೇನೆ.

ಮನೆಯ ವಿಷಯ ಕಷ್ಟದ್ದು. ಹೆಣ್ಣುಮಗಳು ಹೊರ ಊರಿಗೆ, ರಾತ್ರಿ ರೈಲಿಗೆ, ಅದೂ ಚಡ್ಡಿ ಹಾಕಿಕೊಂಡು ಆಡೋಕೆ. ನಮ್ಮ ದೊಡ್ಡಪ್ಪ ಒಂದು ವರ್ಷ ಅಪ್ಪನ ಜೊತೆ ಮಾತು ಬಿಟ್ಟಿದ್ದರು. ಇಂಥ ಮನೆಗಳಿಗೆ ಹೋದಾಗ ನಾನು ರಾಣಿ ರಾಂಪಾಲ್ ಕಥೆ ಹೇಳುತ್ತೇನೆ. ಹರಿಯಾಣದ ಶಾಹಾಬಾದಿನ ಹುಡುಗಿ, ಅಪ್ಪ ಗಾಡಿ ಎಳೆಯುತ್ತಿದ್ದರು, ಅವಳು ಮುರಿದ ಸ್ಟಿಕ್‌ನಲ್ಲಿ ಆಟ ಕಲಿತಳು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಣ್ಣುಮಕ್ಕಳು 4ನೇ ಸ್ಥಾನ ಬಂದಾಗ ಆ ತಂಡದ ಕ್ಯಾಪ್ಟನ್ ಅವಳೇ. ಆದರೆ ಕಥೆಗಿಂತ ಜಾಸ್ತಿ ಕೆಲಸ ಮಾಡೋದು ಅಪ್ಪ-ಅವ್ವರನ್ನು ಮೈದಾನಕ್ಕೆ ಕರೆದುಕೊಂಡು ಬರೋದು. ಕೋಚ್ ಯಾರು, ಜೊತೆಗೆ ಯಾರು ಬರುತ್ತಾರೆ, ಎಲ್ಲಿ ಮಲಗುತ್ತಾರೆ ಅಂತ ಕಣ್ಣಾರೆ ನೋಡಿದರೆ ಅವರ ಅರ್ಧ ಭಯ ಇಳಿಯುತ್ತದೆ. ಅವರ ಫೋನಲ್ಲಿ ಟೀಮ್ ಮ್ಯಾನೇಜರ್ ನಂಬರ್ ಇರಲಿ.

ಮೊನ್ನೆ ಆ ಹುಡುಗಿಯ ಮನೆಗೂ ಹೋಗಿದ್ದೆ. ಅವರಪ್ಪ ಎತ್ತು ಕಟ್ಟುತ್ತಿದ್ದವರು ಕೈ ತೊಳೆದುಕೊಂಡು ಬಂದು ಕೂತರು. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ: "ಟೀಚರಮ್ಮ, ಓದು ಬಿಡಂಗಿಲ್ಲಲ್ರಿ?" ಬಿಡಲ್ಲ, ನಾನು ನೋಡ್ಕೊಂತೀನಿ ಅಂದೆ. ಹಂಗಾದ್ರ ನಾನೂ ಬರ್ತೀನಿ, ಕಾಲೇಜು ಹೆಂಗೈತಿ ನೋಡ್ತೀನಿ ಅಂದರು.

ಸೋಮವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ಮೂವರೂ ಬಳ್ಳಾರಿಗೆ ಹೊರಟಿದ್ದೇವೆ. ಅವಳ ಫೈಲು ನನ್ನ ಮೇಜಿನ ಮೇಲಿದೆ. ಟಿ.ಸಿ.ಯಲ್ಲಿ ಅವಳ ಹೆಸರಿನ ಒಂದು ದೀರ್ಘ ತಪ್ಪಿದೆ, ಅದನ್ನು ನಾಳೆಯೇ ಸರಿ ಮಾಡಿಸಬೇಕು.